ಅಕ್ಕ ಟೈಪು ಹೊಡೆದ ಗೋಪುರಗಳು

ಹೊಸದುರ್ಗದ ನಮ್ಮ ಮನೆಯ ಬಗ್ಗೆ ಬರೆಯುವ ಮೊದಲು ಒಂದು ಸಣ್ಣ ಲೆಕ್ಕವನ್ನು ಬಿಡಿಸಿ ಹೇಳಬೇಕು. ಅದು ನನಗೆ ತಿಳಿದದ್ದು ಈಚೆಗೆ, ಮೊಮ್ಮಗಳು ನಿಧಿಯಿಂದ. ಅವಳು ಚಿತ್ರದುರ್ಗದಲ್ಲಿ ನನ್ನ ಜೊತೆ ಇದ್ದುಕೊಂಡು ಒಂಬತ್ತನೆಯ ತರಗತಿ ಓದುತ್ತಾಳೆ. ಶಾಲೆಯಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಾರೆ. ಸಂಜೆ ಆರರಿಂದ ಏಳು ಅವಳ ಅಭ್ಯಾಸದ ಹೊತ್ತು, ಆಗ ನಾನು ಎದುರಿಗೆ ಕುಳಿತಿರಬೇಕೆಂಬುದು ನಾನೇ ಹಾಕಿದ ಕಟ್ಟು. ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ದುಡಿದು ನಿವೃತ್ತಳಾದವಳು ನಾನು. ಕೀಲಿಗಳ ಮೇಲೆ ಯಾರಾದರೂ ಎರಡೇ ಬೆರಳಲ್ಲಿ ಕುಟ್ಟುತ್ತಿದ್ದರೆ ನೋಡಿಕೊಂಡು ಕೂರುವುದು ಕಷ್ಟ. ಅವತ್ತು ಅವಳಿಗೆ ಕೊಟ್ಟಿದ್ದ ಕೆಲಸ ಪರದೆಯ ಮೇಲೆ ನಕ್ಷತ್ರಗಳ ಗೋಪುರ ಬರಿಸುವುದು. ಅವಳು ಬರೆದದ್ದು ಮೂರು ಸಾಲು. ಮೊದಲ ಸಾಲು ಆ ಕೆಲಸಕ್ಕೊಂದು ಹೆಸರಿಟ್ಟಿತು, ಗೋಪುರ ಎಂದು. ಎಷ್ಟು ಎತ್ತರ ಎನ್ನುವ ಅಂಕೆಯನ್ನು ಕರೆಯುವವರೇ ಕೊಡಬೇಕು. ಎರಡನೆಯ ಸಾಲು, ಒಂದರಿಂದ ಶುರು ಮಾಡಿ ಒಂದೊಂದೇ ಅಂಕೆ ಮೇಲೇರು ಎಂದಿತು. ಮೂರನೆಯದನ್ನು ಸ್ವಲ್ಪ ಒಳಕ್ಕೆ ಸರಿಸಿ ಬರೆದಿದ್ದಳು: ಪ್ರತಿ ಸುತ್ತಿಗೂ, ಎತ್ತರದಲ್ಲಿ ಆ ಸುತ್ತಿನ ಅಂಕೆ ಕಳೆದಷ್ಟು ಖಾಲಿ ಜಾಗ ಬಿಡು, ಆ ಅಂಕೆಯ ಎರಡರಷ್ಟರಲ್ಲಿ ಒಂದು ಕಳೆದಷ್ಟು ನಕ್ಷತ್ರ ಹಾಕು. ಒಳಕ್ಕೆ ಸರಿದ ಸಾಲು ಮೇಲಿನ ಸಾಲಿಗೆ ಸೇರಿದ್ದು, ಅದು ತಿರುಗಿದಷ್ಟು ಸಲ ಇದೂ ನಡೆಯುತ್ತದೆ. ಇಷ್ಟು ಬರೆದು ನಿಧಿ ಗುಂಡಿ ಒತ್ತಿದಳು. ಪರದೆ ಖಾಲಿಯಾಗಿಯೇ ಇತ್ತು.

“ಕೆಟ್ಟೋತೇನೇ?” ಎಂದೆ.

“ಇಲ್ಲ ಅಜ್ಜಿ. ಬರ್ದಿಟ್ರೆ ಅದು ಸುಮ್ನೆ ಇರುತ್ತೆ. ಹೆಸ್ರು ಹಿಡಿದು ಕರೀಬೇಕು. ಈಗ ನೋಡು, ಗೋಪುರ, ಐದು.”

    *
   ***
  *****
 *******

“ಐದು ಅಂದ್ಯಲ್ಲ, ನಾಲ್ಕೇ ಸಾಲು ಬಂತಲ್ಲ?”

“ಅಯ್ಯೋ, ಇದ್ರಲ್ಲಿ ಕೊನೇದು ಲೆಕ್ಕಕ್ಕೆ ಬರಲ್ಲ ಅಜ್ಜಿ. ಐದರ ತನಕ ಅಂದ್ರೆ ನಾಲ್ಕಕ್ಕೇ ನಿಂತ್ಬಿಡುತ್ತೆ. ಒಂದು ಕೂಡಿಸಿ ಹೇಳ್ಬೇಕಿತ್ತು, ಮರ್ತೆ.”

ಒಂದು ಕೂಡಿಸಿದಳು, ಐದನೆಯ ಸಾಲು ಬಂತು. ನಾನು ಪೆನ್ಸಿಲು ತೆಗೆದುಕೊಂಡು ಒಂದೊಂದೇ ಸುತ್ತನ್ನು ಕಾಗದದ ಮೇಲೆ ಹಾಕಿ ನೋಡಿದೆ. ಮೊದಲ ಸುತ್ತು: ಐದರಲ್ಲಿ ಒಂದು ಕಳೆದರೆ ನಾಲ್ಕು ಖಾಲಿ ಜಾಗ, ಒಂದರ ಎರಡರಷ್ಟರಲ್ಲಿ ಒಂದು ಕಳೆದರೆ ಒಂದು ನಕ್ಷತ್ರ. ಎರಡನೆಯದು: ಮೂರು ಜಾಗ, ಮೂರು ನಕ್ಷತ್ರ. ಮೂರನೆಯದು: ಎರಡು ಜಾಗ, ಐದು ನಕ್ಷತ್ರ. ಖಾಲಿ ಜಾಗ ಒಂದೊಂದು ಇಳಿಯುತ್ತದೆ, ನಕ್ಷತ್ರ ಎರಡೆರಡು ಏರುತ್ತದೆ. ಸಾಲು ಮುಗಿದ ಮೇಲೆ ಅದು ತಾನಾಗಿ ಕೆಳಗಿನ ಸಾಲಿನ ಮೊದಲಿಗೆ ಬಂದು ನಿಲ್ಲುತ್ತದೆ, ನಾವು ಟೈಪ್ ಮಿಷನ್ನಿನಲ್ಲಿ ಹಾಳೆ ಹೊತ್ತ ಕ್ಯಾರೇಜನ್ನು ಎಡಗೈಯಿಂದ ತಳ್ಳುತ್ತಿದ್ದ ಹಾಗೆ. ಇಷ್ಟೇ. ಕಂಪ್ಯೂಟರಿಗೆ ಗೋಪುರ ಎಂದರೇನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಈ ಸಾಲು, ಆಮೇಲೆ ಇನ್ನೊಂದು ಸಾಲು. ಗೋಪುರ ಕಾಣುವುದು ದೂರ ಕುಳಿತ ನಮಗೆ.

“ಇದನ್ನ ನಿಮ್ಮ ದೊಡ್ಡಜ್ಜಿ ಟೈಪ್ ಮಿಷನ್ನಾಗೆ ಹೊಡೀತಿದ್ಲು,” ಎಂದೆ.

“ಯಾರು, ಧರ್ಮಪುರದ ದೊಡ್ಡಜ್ಜಿನಾ?” ನಿಧಿ ನಕ್ಕಳು. “ಅವ್ರಿಗೆ ಟೈಪಿಂಗ್ ಬರುತ್ತಾ?”

ಮಗುವಿನ ತಪ್ಪಲ್ಲ. ಅವಳು ಕಂಡಿರುವ ದೊಡ್ಡಜ್ಜಿ, ಅಂದರೆ ನನ್ನ ಅಕ್ಕ, ಶೇಂಗಾ ಬಿಡಿಸುತ್ತ ಕೂತ, ಅರ್ಧ ತೆಲುಗು ಬೆರೆಸಿ ಮಾತಾಡುವ ಒಬ್ಬ ಮುದುಕಿ. ಬರುತ್ತಾ ಎಂಬ ಪ್ರಶ್ನೆಗೆ ಉತ್ತರವನ್ನು ಹೊಸದುರ್ಗದಿಂದಲೇ ಶುರು ಮಾಡಬೇಕು.

ಹೊಸದುರ್ಗದಲ್ಲಿ ನಮ್ಮ ಮನೆ ಇದ್ದದ್ದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಮುಂದಿನ ಕೋಣೆ ಅಪ್ಪನ ಟೈಪಿಂಗ್ ಶಾಲೆ. ನಡುವಿನ ಕತ್ತಲೆ ಕೋಣೆ ನಾವು ಮಲಗುವುದಕ್ಕೆ. ಅದರಾಚೆ ಅಡುಗೆಮನೆ, ಹಿತ್ತಿಲಲ್ಲಿ ಬಚ್ಚಲು ಮತ್ತು ಒಗೆಯುವ ಕಲ್ಲು. ಮನೆಗೆ ಬರುತ್ತಿದ್ದ ಗಾಳಿ ಬೆಳಕೆಲ್ಲ ಮಿಷನ್ನುಗಳಿಗೆ. ನಮಗೆ ಉಳಿಯುತ್ತಿದ್ದದ್ದು ಅವುಗಳ ಸದ್ದು. ಅಪ್ಪ ಮೇಜಿನ ಮೇಲೆ ಬೆತ್ತ ಕುಟ್ಟುತ್ತಿದ್ದರು, ಆ ಏಟಿಗೆ ಸರಿಯಾಗಿ ಎಲ್ಲ ಹುಡುಗರ ಬೆರಳೂ ಒಟ್ಟಿಗೆ ಬೀಳಬೇಕು. ಅಡುಗೆಮನೆಯಲ್ಲಿ ಅವ್ವ ಅದೇ ಏಟಿಗೆ ಮೆಣಸಿನಕಾಯಿ ಅರೆಯುತ್ತಿದ್ದಳು, ತನಗೇ ಗೊತ್ತಿಲ್ಲದೆ. ಬೆಳಗಿನ ಬ್ಯಾಚು ಮುಗಿಯದೆ ಯಾರೂ ಮುದ್ದೆ ಮುರಿಯುವಂತಿರಲಿಲ್ಲ. ಅಪ್ಪ ಕೈತೊಳೆದು ಬಂದು ಕೂತು ಮೊದಲ ತುತ್ತು ನುಂಗಿದ ಮೇಲೆ ನಮ್ಮದು. ಅಷ್ಟರಲ್ಲಿ ಹುರುಳಿಕಾಳಿನ ಸಾರು ಆರಿರುತ್ತಿತ್ತು. ಬಿಸಿ ಮಾಡಲು ಕೇಳುವಂತಿರಲಿಲ್ಲ, ಏಕೆಂದರೆ ಊಟಕ್ಕೂ ಅವಧಿ ಇತ್ತು. ನಾನು ಅಚ್ಚುಕಟ್ಟಿನವಳು ಎಂದು ಕೋರ್ಟಿನಲ್ಲಿ ಹೆಸರಾಗಿದ್ದೆ. ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಅಪ್ಪನ ಹೆಸರು ಹೇಳುತ್ತಿದ್ದೆ. ಅದರ ಬೆಲೆ ಯಾರು ತೆತ್ತರು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಪ್ಪ ಹುಟ್ಟಿದ್ದು ಶ್ರೀರಾಂಪುರದ ಆಚೆಯ ಒಂದು ಹಟ್ಟಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಆ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮೊದಲಿಗ. ಹಟ್ಟಿಯ ವಾಸನೆ ಮೈಮೇಲಿಂದ ಹೋಗಲಿ ಎಂದು ಪೇಟೆಯವರ ಮಡಿಯನ್ನು ಪೇಟೆಯವರಿಗಿಂತ ಬಿಗಿಯಾಗಿ ಹಿಡಿದರು. ನನ್ನ ಅಕ್ಕನಿಗೆ ಅಜ್ಜಿ ಇಟ್ಟ ಈರಮ್ಮ ಎಂಬ ಹೆಸರನ್ನು ಶಾಲೆಗೆ ಸೇರಿಸುವಾಗ ಸುಲೋಚನ ಮಾಡಿದರು. ಶುಕ್ರವಾರ ಮಿಷನ್ನುಗಳಿಗೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗುತ್ತಿದ್ದರು. ಹುಡುಗರು ಕಾಲು ತೊಳೆದೇ ಒಳಗೆ ಬರಬೇಕು. ಮನೆಯ ಹೆಂಗಸರು ತಿಂಗಳ ಮುಟ್ಟಾದರೆ ಕೂಡಲೇ ಬಾಯಿಬಿಟ್ಟು ಹೇಳಿ ಹಿತ್ತಿಲಿಗೆ ಹೋಗಬೇಕು. ತಟ್ಟೆ ಬೇರೆ, ಚಾಪೆ ಬೇರೆ. ಮಿಷನ್ನಿನ ಕೋಣೆಯ ಹೊಸ್ತಿಲನ್ನಂತೂ ಮುಟ್ಟುವ ಹಾಗೇ ಇಲ್ಲ. ಅವ್ವ ಈ ಕಟ್ಟಳೆಯನ್ನು ಗಡಿಯಾರಕ್ಕೆ ಕೀ ಕೊಡುವಷ್ಟು ನಿಷ್ಠೆಯಿಂದ ನಡೆಸುತ್ತಿದ್ದಳು. ಹೇಳದೆ ಇದ್ದರೆ ಏನಾಗುತ್ತದೆ ಎಂದು ನೋಡುವ ಯೋಚನೆ ಅವಳಿಗೆ ಬಂದಿರಲಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅಪ್ಪನ ಶಾಲೆಯಲ್ಲಿ ಅವಳಷ್ಟು ಚೆನ್ನಾಗಿ ಟೈಪು ಹೊಡೆಯುವವರು ಅಪ್ಪನನ್ನೂ ಸೇರಿಸಿ ಯಾರೂ ಇರಲಿಲ್ಲ. ಹುಡುಗಿಯರ ಬ್ಯಾಚಿಗೆ ಪಾಠ ಹೇಳುತ್ತಿದ್ದವಳು ಅವಳೇ. ಬಿಡುವಿದ್ದಾಗ ಒಂದು ಹಾಳೆ ಏರಿಸಿಕೊಂಡು ಗೋಪುರ, ದೀಪದ ಕಂಬ, ಕಂಬಳಿಯ ಅಂಚು ಮೂಡಿಸುತ್ತಿದ್ದಳು. ತಲೆಬರಹವನ್ನು ಹಾಳೆಯ ನಡುವೆ ಕೂರಿಸಲು ಟೈಪಿಸ್ಟರಿಗೆ ಒಂದು ಉಪಾಯವಿದೆ: ನಡುವಿಗೆ ಬಂದು ನಿಂತು, ಎರಡು ಅಕ್ಷರಕ್ಕೆ ಒಂದು ಸಲದಂತೆ ಹಿಂದಕ್ಕೆ ಸರಿದು, ಅಲ್ಲಿಂದ ಹೊಡೆಯಲು ಶುರು ಮಾಡುವುದು. ಅಕ್ಕ ಆ ಉಪಾಯವನ್ನೇ ಸಾಲಿಂದ ಸಾಲಿಗೆ ಇಳಿಸುತ್ತ ಹೋಗುತ್ತಿದ್ದಳು. ಮೊದಲ ಸಾಲಿಗೆ ಒಂದೇ ನಕ್ಷತ್ರ. ಮುಂದಿನ ಸಾಲಿಗೆ ಒಂದು ಮನೆ, ಅಂದರೆ ಒಂದು ಅಕ್ಷರದ ಜಾಗ, ಹಿಂದೆ ಸರಿದು ಮೂರು. ಇನ್ನೊಂದು ಮನೆ ಹಿಂದೆ, ಐದು. ಕಂಪ್ಯೂಟರಿಗೆ ಐದರ ಬದಲು ಐವತ್ತು ಎಂದರೂ ಬೇಸರವಿಲ್ಲ. ಅಕ್ಕ ಪ್ರತಿ ಗೋಪುರವನ್ನೂ ತುದಿಯಿಂದಲೇ ಶುರು ಮಾಡಬೇಕಿತ್ತು, ಬುಡದ ಸಾಲಿನಲ್ಲಿ ಒಂದು ನಕ್ಷತ್ರ ತಪ್ಪಿದರೆ ಹಾಳೆ ಒಲೆಗೆ. ಹೊಡೆಯುವಾಗ ತುಟಿ ಅಲ್ಲಾಡುತ್ತಿತ್ತು. ನಾನು ಮಾತಾಡಿಸಿದರೆ, “ಲೇ, ಎಣಿಕೆ ತಪ್ಪಿಸ್ಬ್ಯಾಡ, ಕಪಾಳಕ್ಕೆ ಹೊಡೀತೀನಿ,” ಎನ್ನುತ್ತಿದ್ದಳು, ತಲೆ ಎತ್ತದೆ.

ಆ ಹಾಳೆಗಳನ್ನು ಅಪ್ಪ ತೆಗೆದುಕೊಂಡು ಬುಡದಲ್ಲಿ ತಮ್ಮ ಹೆಸರು, ಶಾಲೆಯ ವಿಳಾಸ ಹೊಡೆದು ಬಸ್ ನಿಲ್ದಾಣದಲ್ಲೂ ತಾಲ್ಲೂಕು ಕಚೇರಿಯ ಗೋಡೆಗೂ ಅಂಟಿಸಿ ಬರುತ್ತಿದ್ದರು. ಒಮ್ಮೆ ಕಚೇರಿಯ ಸಾಹೇಬರೊಬ್ಬರು ಮನೆಗೇ ಬಂದು ಹೊಗಳಿದರು.

“ಏನ್ರಿ ಮೇಷ್ಟ್ರೆ, ನಿಮ್ಮ ಕೈಯಾಗೆ ಇಂದ್ರಜಾಲ ಐತೆ ಬಿಡ್ರಿ!”

“ನಂದೇನೈತೆ ಸ್ವಾಮಿ, ಎಲ್ಲ ಸರಸ್ವತಿ ದಯೆ,” ಎಂದರು ಅಪ್ಪ.

ನಡುಕೋಣೆಯ ಬಾಗಿಲ ಮರೆಯಲ್ಲಿ ನಿಂತಿದ್ದ ಅಕ್ಕ ನನ್ನ ಕಿವಿಯಲ್ಲಿ, “ಹೋಗಿ ಎಣ್ಣೆ ತಗಂಬಾರೇ, ಸರಸ್ವತಿಗೆ ಬೆರಳು ನೋಯ್ತಾ ಅವೆ,” ಎಂದಳು. ನಾವಿಬ್ಬರೂ ಅವಳ ಸೆರಗನ್ನೇ ಬಾಯಿಗೆ ತುರುಕಿಕೊಂಡು ನಕ್ಕೆವು. ಆದರೆ ಅದೇ ಸಾಹೇಬರು ಹೊರಡುವಾಗ ಇನ್ನೊಂದು ಮಾತು ಹೇಳಿದರು. ಮಗಳು ಟೈಪಿಂಗ್‌ನಲ್ಲಿ ಸೀನಿಯರ್ ಪರೀಕ್ಷೆ ಪಾಸು ಮಾಡಲಿ, ಚಿತ್ರದುರ್ಗದ ಕಚೇರಿಯಲ್ಲಿ ಹುಡುಗಿಯರನ್ನೂ ತೆಗೆದುಕೊಳ್ಳುತ್ತಿದ್ದಾರೆ, ಅವಳ ಪರವಾಗಿ ನಾನೊಂದು ಮಾತು ಹೇಳುತ್ತೇನೆ ಎಂದರು. ಆಗ ನಗು ನಿಂತಿತು. ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು. ಅವತ್ತಿನಿಂದ ಅವಳು ಚಿತ್ರ ಹೊಡೆಯುವುದನ್ನು ಕಡಿಮೆ ಮಾಡಿ ವೇಗಕ್ಕೆ ಕುಳಿತಳು. ಮನೆಯಲ್ಲಿ ಅವಳ ಮದುವೆಯ ಮಾತು ಬಂದಾಗ, “ಪರೀಕ್ಷೆ ಆಗ್ಲಿ,” ಎಂದಳು. ಆ ಮನೆಯಲ್ಲಿ ಒಬ್ಬ ಹೆಣ್ಣು ಯಾವುದಕ್ಕಾದರೂ ಕಾಯಿರಿ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪರೀಕ್ಷೆ ನಡೆಯುತ್ತಿದ್ದದ್ದು ಚಿತ್ರದುರ್ಗದಲ್ಲಿ. ಶಾಲೆಯವರು ತಮ್ಮ ಮಿಷನ್ನುಗಳನ್ನು ತಾವೇ ಹೊತ್ತು ತರಬೇಕು. ಅಪ್ಪ ಅವನ್ನು ಹಟ್ಟಿಯ ಕಂಬಳಿಗಳಲ್ಲಿ ಸುತ್ತಿ, ಹಗ್ಗ ಬಿಗಿದು, ಹೊಳಲ್ಕೆರೆ ಮೇಲೆ ಹೋಗುವ ಮೊದಲ ಬಸ್ಸಿನ ನೆತ್ತಿಗೆ ಏರಿಸುತ್ತಿದ್ದರು. ಕಂಬಳಿ ತರುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ; ಪರೀಕ್ಷೆಯ ಹಿಂದಿನ ದಿನವೇ ಶ್ರೀರಾಂಪುರದಿಂದ ಬಂದು ಉಳಿಯುತ್ತಿದ್ದಳು. ಆ ಬೆಳಿಗ್ಗೆ ಅಪ್ಪ ಮಿಷನ್ನು ಕಟ್ಟುತ್ತಿದ್ದರು. ಅಕ್ಕ ತಲೆಗೆ ಸ್ನಾನ ಮಾಡಿ, ಸೀರೆ ಉಟ್ಟು, ಬಚ್ಚಲಿನಿಂದ ನೇರ ಅವ್ವನ ಹತ್ತಿರ ಬಂದು ಏನೋ ಹೇಳಿದಳು. ಅವ್ವನ ಮುಖ ಸಣ್ಣದಾಯಿತು. ಆದರೂ ಅವಳು ಎಂದಿನಂತೆ ಮುಂದಿನ ಕೋಣೆಯ ಹೊಸ್ತಿಲವರೆಗೆ ಹೋಗಿ ಎಂದಿನ ದನಿಯಲ್ಲೇ ಹೇಳಿದಳು.

“ಏನ್ರಿ, ಸುಲೋಚನ ಮುಟ್ಟಾಗ್ಯಾಳೆ.”

ಅಪ್ಪ ಬಿಗಿಯುತ್ತಿದ್ದ ಗಂಟನ್ನು ಬಿಡಲಿಲ್ಲ. “ಹಂಗಾರೆ ಹಿತ್ಲಿಗೆ ಹೋಗಕ್ಕೆ ಹೇಳು. ಮುಂದಿನ ಪರೀಕ್ಷೆ ಬರ್ದ್ರಾತು.”

“ಮುಂದಿಂದು ಅಂದ್ರೆ ಆರ್ ತಿಂಗ್ಳು ಅಪ್ಪ,” ಎಂದಳು ಅಕ್ಕ ನಡುಕೋಣೆಯಿಂದ. “ಅಲ್ಲಿಗಂಟ ಆ ಕೆಲ್ಸ ನಂಗೋಸ್ಕರ ಕಾಯ್ತೈತಾ?”

“ಆರ್ ತಿಂಗ್ಳಿಗೆ ಲೋಕ ಮುಳುಗಲ್ಲ.”

ಅಜ್ಜಿ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವಳು ಎದ್ದು ಬಂದಳು. “ಲೇ, ಇದೇನು ದೊಡ್ಡ ಮಾತು? ಕಂಬಳಿಗೆ ಮೈಲಿಗೆ ಇಲ್ಲ. ಕುರ್ಚಿ ಮ್ಯಾಲೆ ಒಂದು ಕಂಬಳಿ ಹಾಕು, ಅದ್ರ ಮ್ಯಾಲೆ ಕುಂತ್ಕಂಡು ಬರೀಲಿ. ನಮ್ಮ ಹಿರೇರು ದೇವ್ರನ್ನೇ ಕಂಬಳಿ ಮ್ಯಾಲೆ ಕುಂದ್ರುಸ್ತಿದ್ರು.”

“ಅದು ಹಟ್ಟಿ ಅವ್ವ. ಇದು ಶಾಲೆ,” ಎಂದರು ಅಪ್ಪ, ತಮ್ಮ ತಾಯಿಗೆ.

“ಕುರಿ ಈಯಿಸಿದ ಕೈಯಾಗೇ ನಿಂಗೆ ಮುದ್ದೆ ಕಟ್ಟಿ ತಿನ್ಸೀನಿ. ಆವಾಗ ಎಲ್ಲಿಗೆ ಹೋಗಿತ್ತಪ್ಪ ನಿನ್ ಮಡಿ?”

“ನಾಳೆ ಆ ಮಿಷನ್ ಮುಂದೆ ಬ್ಯಾರೆಯೋರ ಮಕ್ಳು ಕುಂತ್ಕಂತಾರೆ. ಅವ್ರಿಗೆ ಏನ್ ಹೇಳ್ಲಿ ನಾನು?”

“ಹೇಳು ಅಂದೋರ್ಯಾರು? ಬಾಯಿ ಮುಚ್ಕಂಡಿರು.”

“ನಂಗೆ ಗೊತ್ತೈತಲ್ಲ!” ಎಂದು ಅಪ್ಪ ಕೂಗಿದರು. ಅಷ್ಟರಲ್ಲಿ ಹುಡುಗರು ಬಂದರು. ಅವರ ಎದುರಿಗೆ ಆ ವಿಷಯ ಆಡುವಂತಿರಲಿಲ್ಲ. ಅಜ್ಜಿ ಬಾಯಲ್ಲಿದ್ದದ್ದನ್ನು ಬೀದಿಗೆ ಉಗಿದು, ಆ ದಿನದ ಬಸ್ಸಿಗೇ ಶ್ರೀರಾಂಪುರಕ್ಕೆ ಹೋದಳು. ಅಕ್ಕ ಅಭ್ಯಾಸ ಮಾಡಿದ ಮಿಷನ್ನು, ವೇಗದಲ್ಲಿ ಅವಳಿಗಿಂತ ಹಿಂದಿದ್ದ ಒಬ್ಬ ಹುಡುಗನ ಪಾಲಾಗಿ, ಹೊಳಲ್ಕೆರೆ ದಾರಿ ಹಿಡಿಯಿತು. ಅಕ್ಕ ಇಸ್ತ್ರಿ ಮಾಡಿದ ಸೀರೆಯಲ್ಲೇ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ಅವ್ವ ದೂರದಿಂದ ತಟ್ಟೆ ಸರಿಸಿದಳು. ಅದಕ್ಕೂ ಸರಿಯಾದ ಹೊತ್ತಿತ್ತು, ಆ ಹೊತ್ತಿಗೇ ಸರಿಸಿದಳು.

ಅಪ್ಪ ಬೇಕೆಂದೇ ಮಗಳ ಬದುಕು ಕೆಡಿಸಿದರು ಎಂದು ನಾನು ಹೇಳುವುದಿಲ್ಲ. ಹೇಳುವಂತಿದ್ದರೆ ನನಗೇ ಹಗುರವಾಗುತ್ತಿತ್ತು. ನಿಧಿಯ ಮೂರು ಸಾಲನ್ನು ಬಿಡಿಸಿ ನೋಡಿದ ಸಂಜೆ ನನಗೆ ಅನ್ನಿಸಿದ್ದು ಬೇರೆ. ಅವರು ಆ ದಿನದ ಸಾಲನ್ನು ಕಟ್ಟಳೆಯ ಪ್ರಕಾರ ಮುಗಿಸಿದರು. ಮರುದಿನ ಮುಂದಿನ ಸಾಲು. ಕೊಟ್ಟ ಅಂಕೆಗೆ ತಕ್ಕ ಜಾಗ, ತಕ್ಕ ನಕ್ಷತ್ರ. ಎಲ್ಲ ಸಾಲುಗಳೂ ಸೇರಿ ಮಗಳ ಪಾಲಿಗೆ ಯಾವ ಆಕಾರ ಬರುತ್ತಿದೆ ಎಂದು ಒಂದು ಸಲವಾದರೂ ದೂರ ನಿಂತು ನೋಡಲಿಲ್ಲ. ಯಂತ್ರಕ್ಕೆ ಅದು ಸಾಧ್ಯವಿಲ್ಲ, ಅದನ್ನು ದೂರುವ ಹಾಗಿಲ್ಲ. ಅಪ್ಪನಿಗೆ ಕಣ್ಣಿದ್ದವು.

ವಾರ ಕಳೆದ ಮೇಲೆ ಅಪ್ಪ ಹೊಸ ಬ್ಯಾಚಿನ ಪ್ರಕಟಣೆಗೆ ಒಂದು ಗೋಪುರ ಹೊಡೆದುಕೊಡಲು ಹೇಳಿದರು.

“ಬರಲ್ಲ ಅಪ್ಪ, ಮರ್ತೋತು,” ಎಂದಳು ಅಕ್ಕ.

“ಮರ್ತೋತು ಅಂದ್ರೇನು? ಹೋದ್ ತಿಂಗ್ಳು ಹೊಡ್ದಿದ್ಯಲ್ಲ?”

“ಎಣಿಕೆ ನಿಲ್ತಾ ಇಲ್ಲ. ನೀವೇ ಹೊಡೀರಿ, ನಿಮ್ಮ ಹೆಸ್ರೇ ಐತಲ್ಲ ಅದ್ರಾಗೆ.”

ಅಪ್ಪ ಕೈ ಎತ್ತಿದರು, ಹೊಡೆಯಲಿಲ್ಲ. ತಾವೇ ಒಂದು ಹಾಳೆ ಏರಿಸಿ ಕುಳಿತರು. ಮೂರನೆಯ ಸಾಲಿಗೇ ಸೊಟ್ಟವಾಯಿತು. ಆ ಸಲದ ಪ್ರಕಟಣೆ ಬರಿಯ ಅಕ್ಷರಗಳಲ್ಲೇ ಹೋಯಿತು. ಮುಂದಿನ ಪರೀಕ್ಷೆ ಬರುವ ಮೊದಲೇ ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಯಿಂದ ಗಂಡು ಬಂತು. ಈ ಸಲ ಅಕ್ಕ ಕಾಯಿರಿ ಎನ್ನಲಿಲ್ಲ. ಆ ಮನೆಯಲ್ಲಿ ಹೊಲ ಇತ್ತು, ಶೇಂಗಾ ಇತ್ತು, ಒಳ್ಳೆಯ ಜನ. ಟೈಪು ಮಿಷನ್ನು ಮಾತ್ರ ಇರಲಿಲ್ಲ.

ನನ್ನ ಸರದಿ ಬಂದದ್ದು ಕೆಲವು ವರ್ಷಗಳ ಮೇಲೆ. ಅದೇ ಸೀನಿಯರ್ ಪರೀಕ್ಷೆ, ಅದೇ ಮೊದಲ ಬಸ್ಸು, ಮುಂದಿನ ಕೋಣೆಯಲ್ಲಿ ಅದೇ ಹಗ್ಗ ಹಿಡಿದ ಅಪ್ಪ. ಬಚ್ಚಲಿನಿಂದ ಬಂದು ನಾನೂ ಅವ್ವನಿಗೆ ಅದೇ ಮಾತು ಹೇಳಿದೆ. ಅವ್ವ ಒಲೆಯ ಮುಂದಿನಿಂದ ಎದ್ದವಳು ಹೊಸ್ತಿಲ ಕಡೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲು ಮುಚ್ಚಿದಳು.

“ಬಾಯಿ ಮುಚ್ಕ. ತಲೆ ಬಾಚ್ಕ. ಬಸ್ಸಿಗೆ ಹೊತ್ತಾತು.”

“ಅಪ್ಪ?”

“ನಿಮ್ಮಪ್ಪಂಗೆ ಕನಸು ಬೀಳ್ತೈತೇನು? ನಡಿ.”

ಬಟ್ಟೆ ಕೊಟ್ಟಳು, ಹಣೆಗೆ ಕುಂಕುಮ ಇಟ್ಟಳು, ಬೆನ್ನ ಮೇಲೆ ಕೈಯಿಟ್ಟು ಹೊರಕ್ಕೆ ದಬ್ಬಿದಳು. ನಾನು ದುರ್ಗಕ್ಕೆ ಹೋದೆ, ಮಿಷನ್ನು ಮುಟ್ಟಿದೆ, ಪರೀಕ್ಷೆ ಬರೆದೆ. ಮಿಷನ್ನಿಗೆ ಏನೂ ಆಗಲಿಲ್ಲ. ಶುಕ್ರವಾರ ಅಪ್ಪ ಅದಕ್ಕೆ ಕುಂಕುಮ ಹಚ್ಚಿದರು. ನಾನು ಪಾಸಾದೆ, ಕೋರ್ಟಿನಲ್ಲಿ ಕೆಲಸ ಸಿಕ್ಕಿತು, ಇವತ್ತು ತಿನ್ನುವ ಅನ್ನವೂ ಆ ಬೆಳಗಿನದೇ.

ಅದರ ಮುಂದಿನ ಯುಗಾದಿಗೆ ಅಕ್ಕ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಳು. ನಡುಕೋಣೆಯಲ್ಲಿ ನಾನು ಅವಳ ಜಡೆ ಹೆಣೆಯುತ್ತ, ಅಪ್ಪನ ಕಣ್ಣಿಗೆ ನಾವು ಹೇಗೆ ಮಣ್ಣು ಎರಚಿದೆವು ಎಂದು ತಮಾಷೆಯಾಗಿ ಹೇಳಿದೆ. ಹಿಂದೆ ಇಬ್ಬರೂ ಸೇರಿ ಅಪ್ಪನನ್ನು ನೋಡಿ ನಗುತ್ತಿದ್ದೆವಲ್ಲ, ಇದೂ ಹಾಗೇ ಎಂದುಕೊಂಡಿದ್ದೆ. ಅಕ್ಕ ಮೊದಲು ನಕ್ಕಳು. ಆಮೇಲೆ ಅರ್ಧ ಹೆಣೆದ ಜಡೆಯನ್ನು ನನ್ನ ಕೈಯಿಂದ ಎಳೆದುಕೊಂಡು ಎದ್ದು ಅಡುಗೆಮನೆಗೆ ಹೋದಳು. ಅವ್ವ ಮುದ್ದೆ ತಿರುವುತ್ತಿದ್ದಳು.

“ಅವ್ವ, ಇವ್ಳಿಗೆ ಬಾಯಿ ಮುಚ್ಕಂಡು ಹೋಗು ಅಂದ್ಯಂತೆ. ನಂಗ್ಯಾಕೆ ಅನ್ಲಿಲ್ಲ?”

ಅವ್ವ ಕೋಲು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮುದ್ದೆ ಗಂಟಾಗುತ್ತದೆ. “ಆವತ್ತು ನಂಗೆ ಅಷ್ಟು ಬುದ್ಧಿ ಇರ್ಲಿಲ್ಲ ಕಣವ್ವ. ನೀನು ಕಲ್ ಮ್ಯಾಲೆ ಕುಂತಿದ್ದು ನೋಡೇ ಕಲ್ತಿದ್ದು.”

“ಅಂದ್ರೆ ಪಾಠ ನಾನು, ಪಾಸು ಇವ್ಳು.”

“ಏನ್ ಮಾಡ್ಲಿ ಹೇಳು,” ಎಂದಳು ಅವ್ವ. “ಮದ್ಲು ಹುಟ್ಟಿದೋಳು ನೀನು.”

ಅಕ್ಕ ಊಟಕ್ಕೆ ಕೂರಲಿಲ್ಲ. ಹಬ್ಬ ಇನ್ನೂ ಮುಗಿದಿರಲಿಲ್ಲ, ಮಕ್ಕಳು ಅಳುತ್ತಿದ್ದರು, ಅವಳು ಗಂಟು ಕಟ್ಟಿದಳು. ಹಿರಿಯೂರಿನ ಬಸ್ಸು ಹತ್ತಿಸಲು ನಾನು ಹಿರಿಯ ಮಗುವನ್ನು ಎತ್ತಿಕೊಂಡು ಹಿಂದೆ ಓಡಿದೆ. ನಿಲ್ದಾಣದ ಗೋಡೆಯ ಹತ್ತಿರ ನಿಂತು, ನನ್ನ ಮೇಲೆ ಸಿಟ್ಟಾ ಅಕ್ಕ ಎಂದು ಕೇಳಿದೆ.

“ನಿನ್ ಮ್ಯಾಲೆ ಯಾಕೆ ಸಿಟ್ಟು ಮಾಡ್ಕಳ್ಳಿ? ನೀನೇನ್ ಮಾಡೀಯ?” ಮಗುವನ್ನು ನನ್ನ ತೋಳಿನಿಂದ ತೆಗೆದುಕೊಂಡಳು. “ಆದ್ರೆ ನಿನ್ ಕೆಲಸದ ಸುದ್ದಿ ಕೇಳ್ದಾಗೆಲ್ಲ ನಂಗೆ ಹೊಟ್ಟೆ ಉರೀತೈತೆ. ಸುಳ್ಳು ಯಾಕೆ ಹೇಳ್ಲಿ. ಉರೀತೈತೆ, ಅಷ್ಟೇ.”

ಬಸ್ಸು ಬಂತು, ಹತ್ತಿದಳು. ಆಮೇಲೆ ನಾವು ಮದುವೆ, ಮುಂಜಿ, ಸಾವು ಎಲ್ಲಕ್ಕೂ ಹೋಗಿ ಬಂದಿದ್ದೇವೆ, ಜೊತೆಗೆ ಕುಳಿತು ಶೇಂಗಾ ಬಿಡಿಸಿದ್ದೇವೆ, ಒಬ್ಬರ ಮಕ್ಕಳನ್ನು ಒಬ್ಬರು ಬೆಳೆಸಿದ್ದೇವೆ. ಕೋರ್ಟಿನಲ್ಲಿ ನನಗೆ ಬಡ್ತಿ ಸಿಕ್ಕಿದ ದಿನ ಬೀದಿಯ ಎಲ್ಲ ಮನೆಗೂ ಸಕ್ಕರೆ ಹಂಚಿದೆ. ಧರ್ಮಪುರಕ್ಕೆ ಹೇಳಿ ಕಳಿಸಲಿಲ್ಲ. ಅವಳಿಗೆ ಬೇರೆ ಯಾರಿಂದಲೋ ಗೊತ್ತಾಯಿತು. ಯಾಕೆ ಹೇಳಲಿಲ್ಲ ಎಂದು ಅವಳೂ ನನ್ನನ್ನು ಕೇಳಲಿಲ್ಲ.